ತುಳಸಿ ಒಳಗೆ, ಜೂನಿಪರ್ ಹೊರಗೆ

ಸೆಪ್ಟೆಂಬರ್ 30, 2023

ಶನಿವಾರ ಬೆಳಿಗ್ಗೆ ಕಿಟಕಿ ಒರೆಸುತ್ತಿದ್ದೆ. ಬೋನ್ಸಾಯ್ ಕುಂಡಕ್ಕೆ ಮೊಣಕೈ ತಾಗಿತು. ಒಂದು ಹಿಡಿ ಎಲೆ ಪರಪರ ಉದುರಿತು. ನೋಡಲು ಇನ್ನೂ ಹಸಿರಾಗೇ ಇತ್ತು. ಬೆರಳಲ್ಲಿ ಉಜ್ಜಿದರೆ ಒಣಗಿದ ಕರಿಬೇವಿನ ಹಾಗೆ ಪುಡಿಯಾಯಿತು.

ಇದು ಮೇ ತಿಂಗಳಲ್ಲಿ ನನ್ನ ಹುಟ್ಟುಹಬ್ಬಕ್ಕೆ ಮಗಳು ಕೊಟ್ಟ ಗಿಡ. ಅವಳಿಗೆ ಒಂಬತ್ತು ವರ್ಷ. ರಸ್ತೆ ಬದಿ ವ್ಯಾನ್ ನಿಲ್ಲಿಸಿಕೊಂಡು ಮಾರುತ್ತಿದ್ದವರ ಹತ್ತಿರ, ತಾನೇ ಕೂಡಿಟ್ಟ ದುಡ್ಡಿನಲ್ಲಿ ಕೊಂಡಿದ್ದಳು. ಒಂದು ಗೇಣು ಎತ್ತರದ ಜೂನಿಪರ್, ಅಂದರೆ ಸೂಜಿ ಎಲೆಯ ಮರವನ್ನು ಕುಂಡದಲ್ಲಿ ಗಿಡ್ಡವಾಗಿ ಬೆಳೆಸಿದ್ದು. ಅದರಲ್ಲೂ ‘ಪ್ರೊಕಂಬೆನ್ಸ್ ನಾನಾ’ ಅನ್ನುವ, ನೆಲಕ್ಕೆ ಹರಡಿಕೊಂಡು ಬೆಳೆಯುವ ತಳಿ. ಅಮೆರಿಕದಲ್ಲಿ ಮೊದಲ ಬೋನ್ಸಾಯ್ ಅಂತ ಬಹಳ ಜನರ ಕೈಗೆ ಬರುವುದು ಇದೇ. “ಮನೆಯೊಳಗೇ ಇಡಿ, ವಾರಕ್ಕೆ ಎರಡು ಸಲ ನೀರು ಹಾಕಿ” ಅಂದಿದ್ದರಂತೆ. ನಾವು ಹಾಗೇ ಮಾಡಿದೆವು. ಹಾಲ್‌ನಲ್ಲಿ ಚೆನ್ನಾಗಿ ಬಿಸಿಲು ಬರುವ ಕಿಟಕಿಯನ್ನೇ ಅದಕ್ಕೆ ಬಿಟ್ಟುಕೊಟ್ಟೆವು.

ಜೂನಿಪರ್ ಸತ್ತ ಮೇಲೂ ವಾರಗಟ್ಟಲೆ ಹಸಿರಾಗೇ ಕಾಣುತ್ತದೆ. ಬಣ್ಣ ನಂಬುವ ಹಾಗಿಲ್ಲ. ಮುಟ್ಟಿ ನೋಡಬೇಕು, ತೊಗಟೆ ಕೆರೆದು ನೋಡಬೇಕು. ಉಗುರಿನಿಂದ ಕಾಂಡದ ಬುಡದಲ್ಲಿ ಎಳ್ಳಿನಷ್ಟು ಜಾಗ ಕೆರೆದೆ. ಒಳಗೆ ಹಸಿರು. ಬಲಗಡೆ ಕೊಂಬೆಯಲ್ಲೂ ಹಸಿರು, ಒದ್ದೆ. ಹಿಂದಿನ ಚಿಕ್ಕ ಕೊಂಬೆಯಲ್ಲಿ ತಿಳಿ ಹಸಿರು. ಎಡಗಡೆ ಕೊಂಬೆಯಲ್ಲಿ ಕಂದು, ಒಣ. ಮೂರು ಕಡೆ ಕೆರೆದರೂ ಕಂದೇ.

ಅಂದರೆ ಮೂರರಲ್ಲಿ ಎರಡು ಕೊಂಬೆಗೆ ಜೀವ ಇದೆ. ನಾವು ಇರುವುದು ಷಿಕಾಗೋ ಹತ್ತಿರದ ನೇಪರ್‌ವಿಲ್‌ನಲ್ಲಿ. ಮೈ ಕೊರೆಯುವ ಚಳಿಗೆ ಇನ್ನು ಎರಡೇ ತಿಂಗಳು. ಮಗಳಿಗೆ ಇನ್ನೂ ಹೇಳಿಲ್ಲ.

ಅಕ್ಟೋಬರ್ 1

ಹೇಳಿದೆ. ಅತ್ತಳು. ಆಮೇಲೆ ನೋಟ್‌ಬುಕ್ ತಂದು “ಬರೆದುಕೊಳ್ಳೋಣ ಅಮ್ಮ” ಅಂದಳು. ಈ ದಿನಚರಿ ನಮ್ಮಿಬ್ಬರದೂ ಆದದ್ದು ಹಾಗೆ.

ಗಿಡದ ಕೆಳಗೆ ಬಿಳಿ ಕಾಗದ ಹಿಡಿದು ಕೊಂಬೆಯನ್ನು ಎರಡು ಸಲ ತಟ್ಟಿದೆವು. ಧೂಳಿನಂಥ ಚುಕ್ಕೆಗಳು ಬಿದ್ದವು. ಅರ್ಧ ನಿಮಿಷ ಸುಮ್ನೆ ನೋಡಿದರೆ ಕೆಲವು ಚುಕ್ಕೆಗಳು ನಡೆಯುತ್ತಿವೆ! ನುಸಿ. ಒಣ ಹವೆ, ಬೆಚ್ಚಗಿನ ಕೋಣೆ, ಮಳೆ ಗಾಳಿ ಯಾವುದೂ ಇಲ್ಲದ ಎಲೆ. ನುಸಿಗೆ ಇದಕ್ಕಿಂತ ಒಳ್ಳೆ ಮನೆ ಇಲ್ಲ. ತಿಪಟೂರಿನಲ್ಲಿರುವ ಅಮ್ಮನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. “ನಮ್ಮ ತೆಂಗಿಗೆ ಬಂದಿತ್ತಲ್ಲ, ಅದೇ ನುಸೀನೇನೇ?” ಅಂದಳು. ತೊಂಬತ್ತರ ದಶಕದ ಕೊನೆಯಲ್ಲಿ ತೆಂಗಿನ ಕಾಯಿಗಳೆಲ್ಲ ಗೀರು ಗೀರಾಗಿ ಸಣ್ಣಗಾಗಿದ್ದನ್ನು ಅವಳು ಮರೆತಿಲ್ಲ. ಅದು ಬೇರೆ ಜಾತಿ, ಇದು ಬೇರೆ. ರಸ ಹೀರುವ ಕೆಲಸ ಮಾತ್ರ ಒಂದೇ.

ಔಷಧಿ ಹೊಡೆಯಲಿಲ್ಲ. ಮೊದಲೇ ಸೊರಗಿದ ಗಿಡ. ಹಿತ್ತಲಿನ ನಲ್ಲಿಗೆ ಪೈಪ್ ಹಾಕಿ, ಕುಂಡವನ್ನು ಓರೆ ಹಿಡಿದು, ಎಲೆಗಳ ಕೆಳಭಾಗಕ್ಕೆ ಜೋರಾಗಿ ನೀರು ಬಿಟ್ಟೆವು. ಮೂರು ದಿನಕ್ಕೊಮ್ಮೆ ಹೀಗೇ ಮಾಡಬೇಕು. ಮೊಟ್ಟೆ ಒಡೆದು ಹೊಸದು ಬರುತ್ತಲೇ ಇರುತ್ತದೆ, ಒಂದು ಸಲಕ್ಕೆ ಮುಗಿಯುವುದಿಲ್ಲ.

ಅಕ್ಟೋಬರ್ 2

ಕುಂಡದ ಮೇಲೆ ಅಂದದ ಬೆಣಚು ಕಲ್ಲುಗಳಿದ್ದವು. ತೆಗೆಯಲು ಹೋದರೆ ಬರಲಿಲ್ಲ. ಗೋಂದು ಹಾಕಿ ಅಂಟಿಸಿದ್ದಾರೆ! ಸಾಗಿಸುವಾಗ ಮಣ್ಣು ಚೆಲ್ಲದಿರಲಿ ಅಂತ ಹೀಗೆ ಮಾಡುತ್ತಾರೆ. ನಾವು ಹಾಕಿದ ನೀರು ಕಲ್ಲಿನ ಮೇಲೆ ಹರಿದು ಅಂಚಿನಿಂದ ಇಳಿದುಹೋಗುತ್ತಿತ್ತು. ನಡುವಿನ ಬೇರಿಗೆ ನೀರೇ ಇಲ್ಲ. ಕುಂಡ ತಿರುಗಿಸಿ ನೋಡಿದರೆ ಕೆಳಗೆ ಒಂದೇ ತೂತು, ಅದೂ ಮಣ್ಣು ಮೆತ್ತಿ ಮುಚ್ಚಿಹೋಗಿದೆ. ಮೇಲೆ ಬರ, ತಳದಲ್ಲಿ ಕೆಸರು.

ಇಕ್ಕಳದಿಂದ ಕಲ್ಲುಗಳನ್ನು ಒಂದೊಂದಾಗಿ ಎಬ್ಬಿಸಿದೆ. ಒಂದೂವರೆ ಗಂಟೆ ಹಿಡಿಯಿತು. ಕೆಳಗಿನ ತೂತನ್ನು ಸ್ಕ್ರೂಡ್ರೈವರ್‌ನಿಂದ ಬಿಡಿಸಿದೆ.

ಈಗ ಮರುನಾಟಿ ಮಾಡಬೇಕು ಅನ್ನಿಸುತ್ತದೆ ಅಲ್ವಾ? ನನಗೂ ಕೈ ತುರಿಸಿತು. ಆದರೆ ಜೂನಿಪರ್ ಬೇರನ್ನು ಕತ್ತರಿಸಿ ಹೊಸ ಮಣ್ಣಿಗೆ ಹಾಕುವ ಕಾಲ ವಸಂತದ ಆರಂಭ. ಚಳಿ ಬರುವ ಮುಂಚೆ ಬೇರಿಗೆ ಗಾಯ ಮಾಡಿದರೆ ಅದು ಮಾಯಲು ಸಮಯವೇ ಸಿಗುವುದಿಲ್ಲ. ಹಾಗಾಗಿ ಬೇರುಂಡೆಯನ್ನು ಒಡೆಯದೆ, ಒಂದು ಬೇರನ್ನೂ ಕೀಳದೆ, ಇದ್ದ ಹಾಗೇ ಎತ್ತಿ ದೊಡ್ಡದರೊಳಗೆ ಕೂರಿಸುವುದು ಅಂತ ನಿರ್ಧರಿಸಿದೆ.

ದೊಡ್ಡದು ಅಂದರೆ ನಮ್ಮ ಹಳೆಯ ಅನ್ನ ಬಸಿಯುವ ಪ್ಲಾಸ್ಟಿಕ್ ಜಾಲರಿ. ಅಡ್ಡಳತೆ 23 ಸೆಂಟಿಮೀಟರ್. ಸುತ್ತ ತೂತು ಇರುವುದರಿಂದ ಬೇರಿಗೆ ಗಾಳಿ ಸಿಗುತ್ತದೆ, ನೀರು ನಿಲ್ಲುವುದಿಲ್ಲ. ಬೋನ್ಸಾಯ್ ಬೆಳೆಸುವವರು ಬಲಹೀನ ಗಿಡವನ್ನು ಹೀಗೆ ಜಾಲರಿಯಲ್ಲಿ ಇಡುವುದುಂಟು. ತಳಕ್ಕೆ ಮತ್ತು ಸುತ್ತ ಪೈನ್ ಮರದ ತೊಗಟೆಯ ಸಣ್ಣ ಚೂರು, ಪರ್ಲೈಟ್ ಅನ್ನುವ ಹಗುರ ಬಿಳಿ ಕಲ್ಲಿನ ಕಾಳು, ಎರಡೂ ಸಮ ಸಮ. ಹಳೆಯ ಬೇರುಂಡೆಯಲ್ಲಿ ಚಾಪ್‌ಸ್ಟಿಕ್‌ನಿಂದ ಮೆಲ್ಲಗೆ ಎಂಟು ಹತ್ತು ತೂತು ಚುಚ್ಚಿದೆ, ನೀರು ನಡುವಿಗೆ ಇಳಿಯಲಿ ಅಂತ. ಆಮೇಲೆ ಇಡೀ ಜಾಲರಿಯನ್ನು ಬಕೆಟ್ ನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿಟ್ಟೆ. ಗುಳುಗುಳು ಅಂತ ಗುಳ್ಳೆ ಬಂದವು. ಐದು ತಿಂಗಳ ಬಾಯಾರಿಕೆ.

ಗೊಬ್ಬರ ಇಲ್ಲ. ಕತ್ತರಿ ಇಲ್ಲ. ಜೂನಿಪರ್ ತನ್ನ ಶಕ್ತಿಯ ಬಹುಪಾಲನ್ನು ಎಲೆಯಲ್ಲೇ ಇಟ್ಟುಕೊಂಡಿರುತ್ತದೆ. ಸೊರಗಿದಾಗ ಹಸಿರು ಚಿಗುರು ಕತ್ತರಿಸಿದರೆ ಅದರ ಬುತ್ತಿಯನ್ನೇ ಕಿತ್ತುಕೊಂಡ ಹಾಗೆ.

ಅಕ್ಟೋಬರ್ 7

ಗ್ಲೆಂಕೋದಲ್ಲಿರುವ ಷಿಕಾಗೋ ಬೊಟಾನಿಕ್ ಗಾರ್ಡನ್‌ಗೆ ಹೋಗಿ ಬಂದೆವು. ಅಲ್ಲಿ ಬೋನ್ಸಾಯ್‌ಗಳದ್ದೇ ದೊಡ್ಡ ಸಂಗ್ರಹ ಇದೆ. ನಾನು ನೋಡಬೇಕು ಅಂದುಕೊಂಡದ್ದು ಒಂದೇ ವಿಷಯ: ಅವರು ಎಲ್ಲಿ ಇಟ್ಟಿದ್ದಾರೆ? ತೆರೆದ ಅಂಗಳದಲ್ಲಿ. ಬಿಸಿಲು, ಮಳೆ, ಗಾಳಿ ಎಲ್ಲದರಲ್ಲೂ. ಕಡು ಚಳಿ ಬಂದಾಗ ಕಟ್ಟೆಯಿಂದ ತೆಗೆದು ಕಾಪಾಡುವ ಜಾಗಕ್ಕೆ ಸಾಗಿಸುತ್ತಾರೆ. ಆದರೆ ಬೆಚ್ಚಗಿನ ಹಾಲ್‌ಗೆ ಅಲ್ಲ.

ನಮ್ಮ ತಪ್ಪು ಏನೆಂದು ಅಲ್ಲಿ ನಿಂತಾಗ ಪೂರ್ತಿ ಅರ್ಥವಾಯಿತು. ನಮ್ಮ ಮನೆಯಲ್ಲಿ ತುಳಸಿ ಇದೆ, ಕರಿಬೇವು ಇದೆ. ಇಲ್ಲಿರುವ ಕನ್ನಡದವರ ಮನೆಗಳಲ್ಲಿ ಇವೆರಡನ್ನು ಚಳಿಯಿಂದ ಉಳಿಸಿಕೊಳ್ಳುವುದೇ ಪ್ರತಿ ವರ್ಷದ ಕೆಲಸ. ಸೆಪ್ಟೆಂಬರ್ ಮುಗಿಯುತ್ತಿದ್ದ ಹಾಗೆ ಒಳಗೆ ತರುತ್ತೇವೆ, ದೀಪ ಹಾಕುತ್ತೇವೆ. ಗಿಡ ಅಂದರೆ ಒಳಗೆ ತಂದು ಬೆಚ್ಚಗೆ ಇಡುವುದು ಅಂತ ಕೈಗೇ ಅಭ್ಯಾಸವಾಗಿದೆ. ಜೂನಿಪರ್ ಹಾಗಲ್ಲ. ಅದು ಚಳಿ ದೇಶದ ಮರ. ವರ್ಷಕ್ಕೊಮ್ಮೆ ಅದಕ್ಕೆ ತಣ್ಣಗಿನ ನಿದ್ದೆ ಬೇಕೇ ಬೇಕು. ಆ ನಿದ್ದೆ ತಪ್ಪಿದರೆ ಮರ ಸೊರಗುತ್ತಾ ಹೋಗುತ್ತದೆ.

ಸಂಜೆ ಮನೆಗೆ ಬಂದ ಕೂಡಲೇ ತುಳಸಿಯನ್ನು ಒಳಗೆ ತಂದೆ. ಜೂನಿಪರ್ ಅನ್ನು ಡೆಕ್ ಮೇಲೆ, ಅಂದರೆ ಮನೆ ಹೊರಗಿನ ಮರದ ಜಗಲಿ ಮೇಲೆ ಇಟ್ಟೆ. ಮೊದಲ ವಾರ ಪೂರ್ವದ ಗೋಡೆ ಮಗ್ಗುಲಲ್ಲಿ, ಬೆಳಗಿನ ಎರಡು ಗಂಟೆ ಬಿಸಿಲು ಮಾತ್ರ. ಐದು ತಿಂಗಳು ಗಾಜಿನ ಹಿಂದೆ ಇದ್ದ ಎಲೆ, ಒಮ್ಮೆಲೇ ಗಾಳಿಗೆ ಒಡ್ಡಬಾರದು. ಚಳಿ ತಡೆದುಕೊಳ್ಳುವ ಶಕ್ತಿ ಗಿಡಕ್ಕೆ ಒಂದೇ ರಾತ್ರಿಯಲ್ಲಿ ಬರುವುದಿಲ್ಲ. ಹಗಲು ಗಿಡ್ಡವಾಗುತ್ತಾ, ರಾತ್ರಿ ತಣ್ಣಗಾಗುತ್ತಾ ವಾರಗಳ ಮೇಲೆ ಬರುತ್ತದೆ. ಅಕ್ಟೋಬರ್ ಮೊದಲ ವಾರ ಅಂದರೆ ತಡ, ಆದರೆ ತೀರಾ ತಡ ಅಲ್ಲ.

ಅಕ್ಟೋಬರ್ 19

ಕಾಗದದ ಮೇಲೆ ತಟ್ಟಿದರೆ ನಡೆಯುವ ಚುಕ್ಕೆ ಒಂದೂ ಇಲ್ಲ. ಎಡಗಡೆ ಕೊಂಬೆ ಪೂರ್ತಿ ಬೂದು ಬಣ್ಣಕ್ಕೆ ತಿರುಗಿದೆ.

ಅಕ್ಟೋಬರ್ 31

ಹ್ಯಾಲೋವೀನ್ ದಿನವೇ ಹಿಮ ಬಿತ್ತು. ಮಗಳು ವೇಷದ ಮೇಲೆ ಜಾಕೆಟ್ ಹಾಕಿಕೊಂಡು ಹೋದಳು. ಜೂನಿಪರ್ ಮೇಲೆ ಬಿಳಿ ಹಿಮ ಕೂತಿದೆ. ಒಳಗೆ ತರಬೇಕು ಅಂತ ಮನಸ್ಸು ಎಳೆಯಿತು. ತರಲಿಲ್ಲ.

ನವೆಂಬರ್ 11 ಮತ್ತು 12

ಪೆಟ್ಟಿಗೆ ಕಟ್ಟಿದ್ದು ದೀಪಾವಳಿಯ ಶನಿವಾರ, ಭಾನುವಾರ.

ಪೆಟ್ಟಿಗೆ ಏಕೆ ಬೇಕು? ಇದೇ ತಳಿ ನೆಲದಲ್ಲಿದ್ದರೆ ಷಿಕಾಗೋ ಚಳಿಗೆ ಜಗ್ಗುವುದಿಲ್ಲ. ಕುಂಡದಲ್ಲಿ ಕಥೆ ಬೇರೆ. ಚಳಿಯನ್ನು ಎಲೆ, ಕೊಂಬೆ ತಡೆಯುವಷ್ಟು ಬೇರು ತಡೆಯುವುದಿಲ್ಲ. ನೆಲದೊಳಗೆ ಭೂಮಿಯ ಬಿಸುಪು ಬೇರನ್ನು ಕಾಯುತ್ತದೆ. ಕುಂಡಕ್ಕೆ ನಾಲ್ಕೂ ಕಡೆಯಿಂದ, ಕೆಳಗಿನಿಂದಲೂ ಚಳಿ ಹೊಡೆಯುತ್ತದೆ. ಇನ್ನೊಂದು ಅಪಾಯ ಗಾಳಿ. ಬೇರಿನ ನೀರು ಹೆಪ್ಪುಗಟ್ಟಿರುವಾಗ ಗಾಳಿ, ಬಿಸಿಲು ಎಲೆಯ ತೇವ ಎಳೆದುಕೊಂಡರೆ ಮರಕ್ಕೆ ಮತ್ತೆ ತುಂಬಿಕೊಳ್ಳಲು ಆಗುವುದಿಲ್ಲ. ಚಳಿಗಾಲದಲ್ಲಿ ಎಷ್ಟೋ ಗಿಡ ಹೀಗೆ ಬಾಯಾರಿಯೇ ಸಾಯುತ್ತವೆ.

ನನಗೆ ಬೇಕಾದದ್ದು ಸೊನ್ನೆಗಿಂತ 4 ಡಿಗ್ರಿ ಕೆಳಗಿನಿಂದ 4 ಡಿಗ್ರಿ ಮೇಲಿನವರೆಗೆ, ಗಾಳಿ ಇಲ್ಲದ ಜಾಗ. ಅಷ್ಟು ತಣ್ಣಗಿದ್ದರೆ ಮರ ನಿದ್ದೆಯಲ್ಲಿರುತ್ತದೆ, ಬೆಳಕೂ ಜಾಸ್ತಿ ಬೇಕಾಗಿಲ್ಲ. ಮನೆಗೆ ಅಂಟಿಕೊಂಡ ಗ್ಯಾರೇಜ್‌ಗೆ ಹೀಟರ್ ಇಲ್ಲ, ಒಳ್ಳೆಯದೇ. ಆದರೆ ಜನವರಿಯಲ್ಲಿ ಅಲ್ಲೂ ತೀರಾ ಕೆಳಗೆ ಇಳಿಯಬಹುದು.

ಹಾರ್ಡ್‌ವೇರ್ ಅಂಗಡಿಯಿಂದ ಗೋಡೆಗೆ ಹಾಕುವ ಗುಲಾಬಿ ಬಣ್ಣದ ಫೋಮ್ ಹಾಳೆ ತಂದೆವು. ನಮ್ಮ ಥರ್ಮೋಕೋಲ್‌ನದೇ ಜಾತಿ, ಅದಕ್ಕಿಂತ ಗಟ್ಟಿ. ಎರಡು ಇಂಚು ದಪ್ಪ, ನಾಲ್ಕು ಅಡಿ ಅಗಲ, ಎಂಟು ಅಡಿ ಉದ್ದ. ಒಂದೇ ಹಾಳೆ ಸಾಕಾಯಿತು. ಉದ್ದಕ್ಕೆ ನಡುವೆ ಸೀಳಿದರೆ ಎರಡು ಅಡಿ ಅಗಲದ ಎರಡು ಪಟ್ಟಿ. ಪ್ರತಿ ಪಟ್ಟಿಯಲ್ಲಿ ಎರಡೂವರೆ ಅಡಿಯ ಎರಡು ತುಂಡು, ಎರಡು ಅಡಿಯ ಒಂದು ತುಂಡು. ಒಟ್ಟು ನಾಲ್ಕು ಗೋಡೆ, ಒಂದು ತಳ, ಒಂದು ಮುಚ್ಚಳ. ಎರಡು ಪಟ್ಟಿಯಲ್ಲೂ ಒಂದೊಂದು ಅಡಿ ಉಳಿಯಿತು. ಚಾಕುವಿನಿಂದ ಅರ್ಧ ಕುಯ್ದು, ಮಂಡಿಗೆ ಒತ್ತಿ ಮುರಿದರೆ ಗೆರೆ ಹಿಡಿದ ಹಾಗೆ ಮುರಿಯುತ್ತದೆ.

ಗೋಡೆ ಜೋಡಿಸುವಾಗ ತಪ್ಪಾಯಿತು. ಎರಡು ಇಂಚಿನ ದಪ್ಪವನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಎದುರುಬದುರು ನಿಲ್ಲಿಸಿದರೆ ಪೆಟ್ಟಿಗೆ ಚೌಕ ಬರುತ್ತಿಲ್ಲ, ತಳ ಕೂರುತ್ತಿಲ್ಲ. ಮಗಳೇ ದಾರಿ ತೋರಿಸಿದಳು. ಒಂದೊಂದು ಗೋಡೆಯ ತುದಿಯನ್ನು ಮುಂದಿನ ಗೋಡೆಯ ಬದಿಗೆ ತಾಗಿಸುತ್ತಾ, ಗಿರಗಿಟ್ಲೆಯ ಹಾಗೆ ಸುತ್ತ ಬಂದರೆ ನಾಲ್ಕೂ ಒಂದೇ ಅಳತೆಯಲ್ಲಿ ಕೂತವು. ಒಳಗಿನ ಅಳತೆ 22 ಇಂಚು ಚೌಕ. ಸಂದಿಗಳಿಗೆ ಬೆಳ್ಳಿ ಬಣ್ಣದ ಫಾಯಿಲ್ ಟೇಪ್. ಇಷ್ಟು ಎತ್ತರ ಬೇಕಾಗಿರಲಿಲ್ಲ, ಒಂದೂವರೆ ಅಡಿ ಸಾಕಿತ್ತು.

ಇನ್ನು ಬಿಸಿ. ಬೇರಿನ ಕೆಳಗೆ ಇಡುವ ವಿದ್ಯುತ್ ಚಾಪೆ, ಥರ್ಮೋಸ್ಟ್ಯಾಟ್ ಎಲ್ಲ ಸಿಗುತ್ತದೆ. ಅದು ಕೆಟ್ಟು ರಾತ್ರಿಯೆಲ್ಲ ಉರಿದರೆ ಅನ್ನುವ ಹೆದರಿಕೆ ನನಗೆ. ಅದರ ಬದಲು ನೀರು. ಒಂದು ಕಿಲೋ ನೀರು ಹೆಪ್ಪುಗಟ್ಟುವಾಗ 334 ಕಿಲೋಜೂಲ್ ಶಾಖ ಹೊರಗೆ ಬಿಡುತ್ತದೆ. ಖಾಲಿ ಹಾಲಿನ ಕ್ಯಾನ್ ಆರು, ಒಂದೊಂದರಲ್ಲಿ ಮೂರೂಕಾಲು ಲೀಟರ್ ನೀರು. ಪೂರ್ತಿ ತುಂಬಬಾರದು, ಮಂಜುಗಡ್ಡೆ ಆಗುವಾಗ ನೀರು ಸುಮಾರು ನೂರಕ್ಕೆ 9ರಷ್ಟು ಉಬ್ಬುತ್ತದೆ. ಆರೂ ಕ್ಯಾನ್ ಸೇರಿದರೆ ಸುಮಾರು 1.8 ಯೂನಿಟ್ ಕರೆಂಟಿನಷ್ಟು ಶಾಖ. ನನ್ನ ಲೆಕ್ಕದಲ್ಲಿ ಗ್ಯಾರೇಜ್ ಸೊನ್ನೆಗಿಂತ 10 ಡಿಗ್ರಿ ಕೆಳಗಿದ್ದಾಗ ಈ ಪೆಟ್ಟಿಗೆ ಕಳೆದುಕೊಳ್ಳುವುದು 14 ವ್ಯಾಟ್ ಆಸುಪಾಸು. ಅಂದರೆ ಕ್ಯಾನ್‌ಗಳು ಪೂರ್ತಿ ಗಡ್ಡೆಯಾಗಲು ಐದು ದಿನ. ಸಂದಿಗಿಂದಿಯ ಸೋರಿಕೆ ಎಲ್ಲ ಕಳೆದು ಮೂರು ದಿನ ಅಂತ ಹಿಡಿದೆ. ಅಲ್ಲಿಯವರೆಗೆ ಒಳಗಿನ ಗಾಳಿ ಸೊನ್ನೆಯ ಹತ್ತಿರವೇ ಇರಬೇಕು. ಬೇರುಂಡೆ ಒದ್ದೆಯಾಗಿದ್ದರೆ ಅಲ್ಲೂ ಇದೇ ಕೆಲಸ ನಡೆಯುತ್ತದೆ. ಒಣ ಮಣ್ಣು ಬೇಗ ತಣ್ಣಗಾಗುತ್ತದೆ, ಹಾಗಾಗಿ ಚಳಿಗಾಲದಲ್ಲೂ ಮಣ್ಣು ಒಣಗಲು ಬಿಡಬಾರದು.

ಈ ಕಡೆ ಮೂರು, ಆ ಕಡೆ ಮೂರು ಕ್ಯಾನ್, ನಡುವೆ ಜಾಲರಿ ಸರಿಯಾಗಿ ಹಿಡಿಯಿತು. ತಂತಿ ಇರುವ ಥರ್ಮಾಮೀಟರ್ ತಂದು ಅದರ ತುದಿಯನ್ನು ಮಣ್ಣಿನ ಮೇಲೆ ಇಟ್ಟೆ, ಪರದೆ ಹೊರಗೆ. ಸಂಜೆ ಹಣತೆ ಹಚ್ಚಿದಾಗ ಮಗಳು ಒಂದು ಹಣತೆಯನ್ನು ಡೆಕ್ ಮೇಲೆ ಗಿಡದ ಪಕ್ಕ ಇಟ್ಟು ಬಂದಳು. ಗಾಳಿಗೆ ಮೂರು ಸಲ ಆರಿತು, ಮೂರು ಸಲ ಹಚ್ಚಿದಳು.

ನವೆಂಬರ್ 24

ತುಳಸಿ ಹಬ್ಬ. ನೆಲ್ಲಿಕಾಯಿ ಕೊಂಬೆ ಸಿಗಲಿಲ್ಲ, ಅಂಗಡಿಯಲ್ಲಿ ಸಿಕ್ಕ ಫ್ರೋಜನ್ ನೆಲ್ಲಿಕಾಯಿ ಇಟ್ಟು ಪೂಜೆ. ಹವಾಮಾನದಲ್ಲಿ ಮುಂದಿನ ವಾರ ಚಳಿ ಏರುತ್ತದೆ ಅಂತ ಇದೆ. ಇಷ್ಟು ಹೊತ್ತಿಗೆ ಜೂನಿಪರ್ ಹಲವು ರಾತ್ರಿ ಹಿಮ ಕಂಡಿದೆ. ಸಾಕು. ಪೂಜೆ ಮುಗಿಸಿ ಪೆಟ್ಟಿಗೆಗೆ ಇಳಿಸಿದೆವು.

ಡಿಸೆಂಬರ್ 25

ಕ್ರಿಸ್‌ಮಸ್ ದಿನ ಹೊರಗೆ 10 ಡಿಗ್ರಿ ದಾಟಿದೆ, ಮಳೆ ಬೇರೆ. ಪೆಟ್ಟಿಗೆಯ ಒಳಗೆ 8. ನನಗೆ ಚಳಿಗಿಂತ ಇದರದ್ದೇ ಜಾಸ್ತಿ ಹೆದರಿಕೆ. ಬೆಚ್ಚಗೆ, ಕತ್ತಲಲ್ಲಿ ಎಚ್ಚರವಾದರೆ ಮರ ಬೆಳಕಿಲ್ಲದೆ ಒಳಗಿನ ಬುತ್ತಿ ತಿನ್ನುತ್ತದೆ. ಡೆಕ್ ಮೇಲೆ ಮಳೆಯಲ್ಲಿ ಇಟ್ಟು ಮಾರನೆಯ ದಿನ ವಾಪಸ್ ತಂದೆ. ಆ ವಾರದ ನೀರಿನ ಕೆಲಸವೂ ಮುಗಿಯಿತು.

ಜನವರಿ 12ರಿಂದ 16, 2024

ಶುಕ್ರವಾರ ಹಿಮ. ಒಂದು ಬಟ್ಟಲು ಹಿಮ ತಂದು ಮಣ್ಣಿನ ಮೇಲೆ ಹರಡಿದೆ. ನಿಧಾನ ಕರಗಿ ನೀರಾಗುತ್ತದೆ.

ಭಾನುವಾರದಿಂದ ನಿಜವಾದ ಚಳಿ. ಹೊರಗೆ ಸೊನ್ನೆಗಿಂತ 20 ಡಿಗ್ರಿಗೂ ಕೆಳಗೆ. ಬಾಗಿಲು ತೆಗೆದರೆ ಮೂಗಿನೊಳಗೆ ಸೂಜಿ ಚುಚ್ಚಿದ ಹಾಗೆ. ಮೂರು ದಿನ ಬೆಳಿಗ್ಗೆ ಆರಕ್ಕೆ ಎದ್ದು ಬರೆದುಕೊಂಡ ಅಂಕಿ ಇವು. ಎಲ್ಲ ಸೊನ್ನೆಗಿಂತ ಕೆಳಗೆ. ಭಾನುವಾರ ಗ್ಯಾರೇಜ್ 6, ಪೆಟ್ಟಿಗೆ ಸರಿಯಾಗಿ ಸೊನ್ನೆ. ಸೋಮವಾರ ಗ್ಯಾರೇಜ್ 8, ಪೆಟ್ಟಿಗೆ ಅರ್ಧ ಡಿಗ್ರಿ. ಮಂಗಳವಾರ ಗ್ಯಾರೇಜ್ 9, ಪೆಟ್ಟಿಗೆ 3.

ಮಂಗಳವಾರದ 3 ನೋಡಿ ಎದೆ ಧಸಕ್ ಅಂದಿತು. ಹಿಂದಿನ ದಿನ ಸಂಕ್ರಾಂತಿ. ನೆಂಟರಿಷ್ಟರ ಜೊತೆ ಎಳ್ಳು ಬೆಲ್ಲ ಹಂಚಿ, ಸಂಜೆ ಒಬ್ಬರಿಗೆ ಗಿಡ ತೋರಿಸಿ, ಮುಚ್ಚಳವನ್ನು ನಾನೇ ಸರಿಯಾಗಿ ಕೂರಿಸಿರಲಿಲ್ಲ. ಒಂದು ಮೂಲೆ ಬೆರಳಗಲ ತೆರೆದೇ ಇತ್ತು. ಕ್ಯಾನ್‌ಗಳನ್ನು ಎತ್ತಿ ನೋಡಿದೆ. ಸಂದಿಯ ಕಡೆಯ ಎರಡು ಪೂರ್ತಿ ಗಡ್ಡೆ, ಉಳಿದ ನಾಲ್ಕರಲ್ಲಿ ಇನ್ನೂ ನೀರು ಕುಲುಕುತ್ತಿತ್ತು. ಗಡ್ಡೆಯಾದ ಎರಡನ್ನು ತೆಗೆದು ತಣ್ಣೀರಿನ ಬೇರೆ ಕ್ಯಾನ್ ಇಟ್ಟೆ. ಮುಚ್ಚಳದ ಮೇಲೆ ಎರಡು ಇಟ್ಟಿಗೆ ಹೇರಿದೆ. ಎರಡು ಗಂಟೆಯಲ್ಲಿ ಸೊನ್ನೆಗೆ ಬಂತು. 3 ಅಂದರೆ ನಾನು ಹಾಕಿಕೊಂಡ ಗೆರೆಯ ಒಳಗೇ ಇತ್ತು. ಆದರೂ ಆ ದಿನ ಆಫೀಸ್ ಕೆಲಸದ ನಡುವೆ ಎಷ್ಟು ಸಲ ಗ್ಯಾರೇಜ್‌ಗೆ ಹೋದೆನೋ.

ಫೆಬ್ರವರಿ 10

ಅಮ್ಮ ವಿಡಿಯೋದಲ್ಲಿ ನೋಡಿ “ಏನೇ ಇದು, ಕಂದು ಬಣ್ಣಕ್ಕೆ ತಿರುಗಿದೆ. ಹೋಯ್ತಲ್ವೇನೇ?” ಅಂದಳು. ಹಸಿರು ಮಾಸಿ, ತಾಮ್ರ ಮತ್ತು ನೇರಳೆ ಕಲಸಿದಂಥ ಬಣ್ಣ ಬಂದಿದೆ. ಹಲವು ಜೂನಿಪರ್‌ಗಳು ಚಳಿಗೆ ಹೀಗೆ ಬಣ್ಣ ಬದಲಿಸುತ್ತವೆ, ವಸಂತದಲ್ಲಿ ಹಸಿರಿಗೆ ಮರಳುತ್ತವೆ. ಮುಟ್ಟಿದರೆ ಎಲೆ ಬಾಗುತ್ತದೆ, ಉದುರುವುದಿಲ್ಲ. ಸೆಪ್ಟೆಂಬರ್‌ನಲ್ಲಿ ಹಸಿರಾಗಿದ್ದು ಪುಡಿಯಾಗುತ್ತಿತ್ತು. ಈಗ ಕಂದಾಗಿದೆ, ಆದರೆ ಮೆತ್ತಗಿದೆ. “ನೀನು ಮುಟ್ಟಿ ನೋಡಿದೀಯಲ್ಲ, ಅದೇ ಸರಿ ಬಿಡು” ಅಂದಳು ಅಮ್ಮ.

ಫೆಬ್ರವರಿ 27 ಮತ್ತು 28

ಮಂಗಳವಾರ ಹೊರಗೆ 20 ಡಿಗ್ರಿ ದಾಟಿತು. ಫೆಬ್ರವರಿಯಲ್ಲಿ! ಗಿಡವನ್ನು ಮನೆಯ ಉತ್ತರಕ್ಕೆ, ನೆರಳಿನಲ್ಲಿ ಇಟ್ಟೆ. ಸಂಜೆ ಗಾಳಿ ತಿರುಗಿತು, ಗುಡುಗು ಬಂತು. ಒಳಗೆ ಸಾಗಿಸಿ ಪೆಟ್ಟಿಗೆ ಮುಚ್ಚಿದೆ. ಬುಧವಾರ ಬೆಳಿಗ್ಗೆ ಎದ್ದರೆ ಸೊನ್ನೆಗಿಂತ ಕೆಳಗೆ. ಹೊರಗೇ ಮರೆತಿದ್ದರೆ ಬೇರಿನ ಗತಿ ಏನಾಗುತ್ತಿತ್ತೋ.

ಮಾರ್ಚ್ 24

ಡೆಕ್‌ಗೆ ಬಂತು. ರಾತ್ರಿ ತೀರಾ ಇಳಿದರೆ ಮಾತ್ರ ಗ್ಯಾರೇಜ್. ಬೇರು ಬಿಡಿಸಿ ಮರುನಾಟಿ ಮಾಡಲು ಇದೇ ಕಾಲ. ಆದರೂ ಮಾಡುತ್ತಿಲ್ಲ. ಒಂದು ಪೂರ್ತಿ ವರ್ಷ ಜಾಲರಿಯಲ್ಲೇ ಬೆಳೆಯಲಿ.

ಏಪ್ರಿಲ್ 9

ಯುಗಾದಿ. ಎಣ್ಣೆ ಸ್ನಾನ ಮಾಡಿಸಿಕೊಂಡು ಮಗಳು ಒದ್ದೆ ತಲೆಯಲ್ಲೇ ಡೆಕ್‌ಗೆ ಓಡಿದಳು. “ಅಮ್ಮಾ, ಬಾ ಇಲ್ಲಿ!” ಬಲಗಡೆ ಕೊಂಬೆಯ ತುದಿಗಳಲ್ಲಿ ತಿಳಿ ಹಸಿರು ಚುಕ್ಕೆ. ತಾಮ್ರದ ಬಣ್ಣದ ಮೇಲೆ ಸಾಸಿವೆ ಕಾಳಿನಷ್ಟು ಹೊಸ ಹಸಿರು. ಎಣಿಸಿದೆವು. ಬಲಗಡೆ 31, ಹಿಂದಿನ ಕೊಂಬೆಯಲ್ಲಿ 6, ನೆತ್ತಿಯಲ್ಲಿ 14. ಎಡಗಡೆ ಒಂದೂ ಇಲ್ಲ. ಹಿಂದಿನ ಕೊಂಬೆ ಉಳಿಯುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ. ಬೇವು ಬೆಲ್ಲ ಕೈಯಲ್ಲಿ ಹಿಡಿದುಕೊಂಡೇ ಅಲ್ಲಿ ಬಹಳ ಹೊತ್ತು ಕೂತಿದ್ದೆ.

ಜೂನ್ 8

ಎಡಗಡೆಯ ಸತ್ತ ಕೊಂಬೆಯನ್ನು ಬುಡಕ್ಕೆ ಕತ್ತರಿಸೋಣ ಅಂದುಕೊಂಡಿದ್ದೆ. ಮಗಳು ಬೇಡ ಅಂದಳು. ಬೋನ್ಸಾಯ್‌ನಲ್ಲಿ ಸತ್ತ ಕೊಂಬೆಯ ತೊಗಟೆ ಸುಲಿದು ಬಿಳಿ ಮರವನ್ನು ಹಾಗೇ ಉಳಿಸುವ ಪದ್ಧತಿ ಇದೆ. ಜಪಾನಿನಲ್ಲಿ ‘ಜಿನ್’ ಅನ್ನುತ್ತಾರೆ. ಗಾಳಿಗೆ, ಸಿಡಿಲಿಗೆ ಸಿಕ್ಕಿ ಉಳಿದ ಬೆಟ್ಟದ ಮರದ ಹಾಗೆ ಕಾಣುತ್ತದೆ. ಕೊಂಬೆಯನ್ನು ಹೆಬ್ಬೆರಳುದ್ದಕ್ಕೆ ಮುರಿದು, ಇಕ್ಕಳದಿಂದ ತೊಗಟೆ ಎಳೆದೆವು. ಜೀವ ಇರುವ ಕಾಂಡದ ಅಂಚಿಗೆ ಬಂದಾಗ ನಿಲ್ಲಿಸಿದೆ. ಒಳಗಿನ ಮರ ಹಾಲಿನ ಬಣ್ಣ, ಒಳ್ಳೆಯ ಪರಿಮಳ. ಈಗ ತೆಳುವಾಗಿ ಗೊಬ್ಬರ ಶುರು, ಹದಿನೈದು ದಿನಕ್ಕೊಮ್ಮೆ.

ಅಕ್ಟೋಬರ್ 5

ತುಳಸಿ, ಕರಿಬೇವು ಒಳಗೆ ಬಂದವು. ಜೂನಿಪರ್ ಡೆಕ್ ಮೇಲೇ ಇದೆ. ಪೆಟ್ಟಿಗೆಯ ಒಂದು ಮೂಲೆಯ ಟೇಪ್ ಬಿಟ್ಟಿದೆ, ಹೊಸದು ಅಂಟಿಸಬೇಕು. ಮಗಳು ಆರು ಹಾಲಿನ ಕ್ಯಾನ್ ತೊಳೆದು, ಮೂರೂಕಾಲು ಲೀಟರ್‌ಗೆ ಮಾರ್ಕರ್‌ನಿಂದ ಗೆರೆ ಎಳೆದು, ಬಿಸಿಲಿಗೆ ಒಣಗಲು ಸಾಲಾಗಿ ಇಟ್ಟಿದ್ದಾಳೆ.